ಒಳಗಿವಿಯನ್ನು ನಂಬಿದ ರಾತ್ರಿ

2008ರ ಜನವರಿ 23ರ ರಾತ್ರಿ ಪೋಲೆಂಡ್ ವಾಯುಪಡೆಯ ಕಾಸಾ ಸಿ-295 ಸಾರಿಗೆ ವಿಮಾನವೊಂದು ಮಿರೊಸ್ವಾವಿಯೆಟ್ಸ್ ವಾಯುನೆಲೆಯಲ್ಲಿ ಇಳಿಯಲು ಹೋಗಿ ನೆಲಕ್ಕಪ್ಪಳಿಸಿತು. ಒಳಗಿದ್ದ 20 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ರಯಾಣಿಕರು ವಾರ್ಸಾದಲ್ಲಿ ಹಾರಾಟ ಸುರಕ್ಷತೆಯ ಸಮ್ಮೇಳನ ಮುಗಿಸಿ ಮರಳುತ್ತಿದ್ದ ಅಧಿಕಾರಿಗಳು. ವಿಧಿಯ ವ್ಯಂಗ್ಯ ಎಂಬ ಸವಕಲು ಮಾತು ಬೇಡವೆಂದರೂ ಇಲ್ಲಿ ನಾಲಿಗೆಗೆ ಬಂದೇ ಬರುತ್ತದೆ.

ವಿಮಾನ ಹೆಚ್ಚುಕಡಿಮೆ ಹೊಸದು. ಆದರೆ ಮೋಡ ತೀರಾ ತಗ್ಗಿನಲ್ಲಿತ್ತು. ರೇಡಿಯೊ ಅಲೆಗಳ ಜಾಡಿನಲ್ಲಿ ವಿಮಾನವನ್ನು ರನ್‌ವೇಗೆ ಕರೆತರುವ ಐಎಲ್‌ಎಸ್ ವ್ಯವಸ್ಥೆಯ ನೆರವು ಅಲ್ಲಿರಲಿಲ್ಲ. ಮೊದಲ ಯತ್ನ ಕೈಗೂಡಲಿಲ್ಲ. ಎರಡನೆಯದರಲ್ಲಿ ಪೈಲಟ್‌ಗಳ ಕಣ್ಣು ನೆಲದ ದೀಪಗಳನ್ನು ಅರಸುತ್ತ ಕಿಟಕಿಯಾಚೆ ನೆಟ್ಟಿದ್ದಾಗ ವಿಮಾನ ಪಕ್ಕಕ್ಕೆ ವಾಲುತ್ತ ಹೋಯಿತು. ಅದು ಅವರ ಅರಿವಿಗೆ ಬರಲಿಲ್ಲ.

ಏಕೆ ಬರಲಿಲ್ಲ? ನಮ್ಮ ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದಾಗ ಅವುಗಳೊಳಗಿನ ದ್ರವ ಜಡತ್ವದಿಂದ ಹಿಂದುಳಿದು, ಅಡ್ಡ ನಿಂತ ಲೋಳೆಯಂಥ ಪರದೆಯನ್ನು ಬಾಗಿಸುತ್ತದೆ. ಅದರ ಬುಡದ ರೋಮಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ನೆಲದ ಮೇಲೆ ಓಡಾಡುವ ಪ್ರಾಣಿಗೆ ಇಷ್ಟು ಧಾರಾಳ ಸಾಕು. ಆದರೆ ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ಹೊರಳಿದರೆ ಈ ನಾಳಗಳಿಗೆ ಸುಳಿವೇ ಸಿಗುವುದಿಲ್ಲ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ 10–20 ಸೆಕೆಂಡುಗಳಲ್ಲಿ ದ್ರವವೂ ನಾಳದ ವೇಗವನ್ನು ಹಿಡಿದು, ತಿರುಗುತ್ತಿದ್ದೇವೆಂಬ ಭಾವವೇ ಅಳಿಯುತ್ತದೆ. ಹಗಲಾದರೆ ದಿಗಂತ ಕಂಡು ಕಿವಿಯ ತಪ್ಪನ್ನು ಕಣ್ಣು ತಿದ್ದುತ್ತದೆ. ಮೋಡ ಕವಿದ ಇರುಳಿನಲ್ಲಿ ದಿಗಂತ ಇರುವುದು ಪೈಲಟ್ ಮುಂದಿನ ಉಪಕರಣದಲ್ಲಿ ಮಾತ್ರ. ಅಂದು ನೋಟ ಅದರ ಮೇಲಿರಲಿಲ್ಲ.

ವಿಮಾನ ವಾಲಿದಷ್ಟೂ ರೆಕ್ಕೆಯ ಎತ್ತುಬಲ ಪಕ್ಕಕ್ಕೆ ಓರೆಯಾಗುತ್ತದೆ. 60 ಡಿಗ್ರಿ ವಾಲಿದರೆ ಭಾರ ಹೊರಲು ಉಳಿಯುವುದು ಅದರಲ್ಲಿ ಅರ್ಧ ಪಾಲು. ನೆಲ ಹತ್ತಿರವಿದ್ದಾಗ ಸಾವರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಕೂಗಿ ಎಚ್ಚರಿಸುವ ಸಾಧನವೊಂದು ವಿಮಾನದಲ್ಲಿತ್ತು. ಅದರ ಧ್ವನಿಯನ್ನು ಆರಿಸಿಡಲಾಗಿತ್ತೆಂದು ತನಿಖೆಯಲ್ಲಿ ತಿಳಿಯಿತು. ಇಡೀ ಪ್ರಕರಣದಲ್ಲಿ ನನಗೆ ಅರಗದ ಸಂಗತಿ ಇದೇ. ಕಿವಿಯ ದೋಷ ಹುಟ್ಟಿನಿಂದ ಬಂದದ್ದು, ಇದು ಕೈಯಾರೆ ಮಾಡಿಕೊಂಡದ್ದು.

ಬೆಂಗಳೂರಿನಲ್ಲಿ ನಮ್ಮ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಿದೆ. ಅಲ್ಲಿನ ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳಿಗೆ ಈ ಭ್ರಮೆಯನ್ನು ಬೇಕೆಂದೇ ಹುಟ್ಟಿಸಿ, ಮೈಯ ಮಾತು ಬಿಟ್ಟು ಉಪಕರಣದ ಮಾತು ಕೇಳುವ ಅಭ್ಯಾಸ ಮಾಡಿಸುತ್ತಾರೆ.