28 ಮಿ.ಮೀ. ರೋಮನ್ ಲೀಜನರಿಗಳಿಗೆ ಬಣ್ಣ: ಕವಚ, ಅಂಗಿ, ಗುರಾಣಿ

ಯುದ್ಧದಾಟದ ಮೇಜಿನ ಮೇಲಿರುವ ಪುಟ್ಟ ರೋಮನ್ ಲೀಜನರಿ (ಕಾಲಾಳು ಸೈನಿಕ) ಗೊಂಬೆಗಳ ತುಕಡಿಯನ್ನು ನಾವು ನೋಡುವುದು ಎರಡು-ಮೂರು ಅಡಿ ದೂರದಿಂದ. ಅಲ್ಲಿಂದ ಕಣ್ಣಿಗೆ ಬೀಳುವುದು ಮುಖ್ಯವಾಗಿ ಗುರಾಣಿ, ಕವಚದ ಪಟ್ಟಿಗಳ ನಡುವಿನ ಕಪ್ಪು ಗೆರೆ ಮತ್ತು ಅಂಗಿಯ ಬಣ್ಣ. ಕಣ್ಣು, ಬೆರಳು, ಚಪ್ಪಲಿಯ ಬಾರುಗಳ ಮೇಲೆ ಗಂಟೆಗಟ್ಟಲೆ ಕೂತರೆ ಇಡೀ ತುಕಡಿ ಮುಗಿಯುವುದೇ ಇಲ್ಲ. ಸಮಯವನ್ನು ಈ ಮೂರಕ್ಕೆ ಮೀಸಲಿಡಿ.

ಗುರಾಣಿಯನ್ನು ಮೊದಲೇ ಅಂಟಿಸಬೇಡಿ. ಅಂಟಿಸಿದರೆ ಎದೆಯ ಎಡಭಾಗಕ್ಕೆ ಬ್ರಷ್ ಹೋಗುವುದಿಲ್ಲ. ಐಸ್‌ಕ್ರೀಮ್ ಕಡ್ಡಿಗೆ ಡಬಲ್ ಟೇಪ್ ಹಚ್ಚಿ ಗುರಾಣಿಗಳನ್ನು ಸಾಲಾಗಿ ಕೂರಿಸಿಕೊಳ್ಳಿ. ಆದರೆ ಗೊಂಬೆಯ ಕೈಗೆ ತಾಗುವ ಜಾಗದಲ್ಲಿ ಬಣ್ಣ ಇರಕೂಡದು. ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಹಿಡಿಯುತ್ತದೆ, ಬಣ್ಣದ ಮೇಲೆ ಹಚ್ಚಿದರೆ ಕಿತ್ತು ಬರುತ್ತದೆ. ಲೋಹದ ಅಥವಾ ರೆಸಿನ್ ಗೊಂಬೆಯಾದರೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದಿದ್ದರೆ ಪ್ರೈಮರ್ (ಬಣ್ಣಕ್ಕೂ ಮುನ್ನ ಹಚ್ಚುವ ಅಡಿಕೋಟ್) ನಿಲ್ಲುವುದಿಲ್ಲ.

ಕವಚದ ಸೈನಿಕರಿಗೆ ಕಪ್ಪು ಪ್ರೈಮರ್ ಸೂಕ್ತ, ಬ್ರಷ್ ತಲುಪದ ಸಂದಿ ತಾನಾಗಿ ನೆರಳಾಗುತ್ತದೆ. ಸ್ಪ್ರೇ ಕ್ಯಾನನ್ನು 20-25 ಸೆಂ.ಮೀ. ದೂರ ಹಿಡಿದು, ಚಿಕ್ಕ ಚಿಕ್ಕ ಬೀಸಿನಲ್ಲಿ ಹೊಡೆಯಿರಿ. ಬಿರುಬಿಸಿಲಲ್ಲಿ, ಅದೂ ದೂರದಿಂದ ಹೊಡೆದರೆ ಹನಿ ದಾರಿಯಲ್ಲೇ ಒಣಗಿ ಮೇಲ್ಮೈ ರವೆಯಂತೆ ತರಿತರಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್‌ಗಿಂತ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ನಂಬಿಕಸ್ಥ.

ಈಗ ಕವಚ. ಪಟ್ಟಿಪಟ್ಟಿಯ ಲೋರಿಕಾ ಸೆಗ್ಮೆಂಟಾಟಾ ಎಂಬ ಈ ಕವಚ ಹೇಗೆ ಜೋಡಣೆಯಾಗಿತ್ತು ಎಂಬುದು ಸ್ಪಷ್ಟವಾಗಿದ್ದು 1964ರಲ್ಲಿ ಇಂಗ್ಲೆಂಡಿನ ಕಾರ್‌ಬ್ರಿಜ್‌ನಲ್ಲಿ ಸಿಕ್ಕ, ಕವಚದ ಭಾಗಗಳಿದ್ದ ಪೆಟ್ಟಿಗೆಯಿಂದ. ಕಬ್ಬಿಣದ ಪಟ್ಟಿಗಳನ್ನು ಹಿಡಿದಿಟ್ಟಿದ್ದ ಚರ್ಮದ ಬಾರುಗಳು ಇದ್ದದ್ದು ಒಳಮೈಯಲ್ಲಿ. ಹಾಗಾಗಿ ಪಟ್ಟಿಗಳ ಸಂದಿಗೆ ಕಂದು ಬಣ್ಣ ಎಳೆಯುವುದು ತಪ್ಪು. ಹೊರಗೆ ಕಾಣುವುದು ಮುಖ್ಯವಾಗಿ ಹಿತ್ತಾಳೆಯ ಕೀಲು, ಬಕಲ್‌ಗಳು.

ಕಡು ಉಕ್ಕಿನ ಬಣ್ಣವನ್ನು ತೆಳುವಾಗಿ ಎರಡು ಕೋಟ್ ಹಚ್ಚಿ. ಒಣಗಿದ ಮೇಲೆ ಕಪ್ಪು ವಾಷ್ (ಸಂದಿಗಳಿಗೆ ಇಳಿಯುವ ನೀರುನೀರಾದ ಬಣ್ಣ). ಹೊಟ್ಟೆಯ ಕೆಳಪಟ್ಟಿಯಲ್ಲಿ, ಭುಜದ ಅಂಚಿನಲ್ಲಿ ವಾಷ್ ಮಡುಗಟ್ಟಿ ನಿಂತರೆ ಒದ್ದೆ ಬ್ರಷ್‌ನ ತುದಿಯಿಂದ ಆಗಲೇ ಹೀರಿಬಿಡಿ, ಇಲ್ಲದಿದ್ದರೆ ಒಣಗಿ ಉಂಗುರದಂಥ ಕಲೆ ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಪ್ರತಿ ಪಟ್ಟಿಯ ಮೇಲಂಚಿಗೆ ಮಾತ್ರ ಹೊಳೆವ ಬೆಳ್ಳಿ ಬಣ್ಣ ಸವರಿ. ಬ್ರಷ್ ತುದಿಯಿಂದಲ್ಲ, ಅದರ ಪಕ್ಕದಿಂದ: ಎದ್ದ ಅಂಚು ತಾನೇ ಬಣ್ಣ ಹಿಡಿಯುತ್ತದೆ. ಕೊನೆಗೆ ಕೀಲುಗಳಿಗೆ ಹಿತ್ತಾಳೆಯ ಒಂದೊಂದು ಚುಕ್ಕೆ. ಲೋಹದ ಬಣ್ಣಕ್ಕೆ ನೀರಿನ ಬಟ್ಟಲು ಬೇರೆಯೇ ಇರಲಿ. ಅದರ ಮಿಂಚಿನ ಕಣ ಅಂಗಿಗೆ ಸೇರಿದರೆ ಬಿಡಿಸುವ ದಾರಿಯಿಲ್ಲ.

ಅಂಗಿ ಕೆಂಪೋ ಬಿಳಿಯೋ ಎಂಬ ವಾದ ಹಳೆಯದು, ತೀರ್ಮಾನವಾಗಿಲ್ಲ. ಬಣ್ಣ ಹಾಕದ ಉಣ್ಣೆಯ ಮಾಸಲು ಬಿಳಿ, ಮಂಜಿಷ್ಠದ ಕೆಂಪು, ಎರಡೂ ಸಮರ್ಥನೀಯ. ಒಂದು ತುಕಡಿಗೆ ಒಂದನ್ನೇ ಇಟ್ಟುಕೊಳ್ಳುವುದು ನೋಟಕ್ಕೆ ಒಳ್ಳೆಯದು. ಕೆಂಪಿನ ಎತ್ತರದ ಮಡಿಕೆಗಳಿಗೆ ಬಿಳಿ ಬೆರೆಸಬೇಡಿ, ಗುಲಾಬಿಯಾಗುತ್ತದೆ, ಕಿತ್ತಳೆ ಬೆರೆಸಿ. ಬಿಳಿ ಅಂಗಿಯನ್ನು ನಸುಗಂದಿನಿಂದ ಶುರುಮಾಡಿ ಮೂಳೆ ಬಣ್ಣಕ್ಕೆ ನಿಲ್ಲಿಸಿ. ಕಪ್ಪು ಪ್ರೈಮರ್ ಮೇಲೆ ನೇರ ಬಿಳಿ ಹಚ್ಚಿದರೆ ಸುಣ್ಣ ಬಳಿದಂತಾಗಿ ಮಡಿಕೆಗಳು ಮುಚ್ಚಿಹೋಗುತ್ತವೆ.

ಗುರಾಣಿಯ ಕೆಂಪಿಗೆ ಆಧಾರವುಂಟು: ಸಿರಿಯಾದ ದೂರಾ ಯುರೋಪಸ್‌ನಲ್ಲಿ ಸಿಕ್ಕಿ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಬಾಗಿದ ಗುರಾಣಿ ಕೆಂಪು ಹಿನ್ನೆಲೆಯದು, ಮೇಲೆ ಹದ್ದು, ಸಿಂಹಗಳ ಚಿತ್ರ. ಅದು 3ನೇ ಶತಮಾನದ್ದು. ಕ್ರಿ.ಶ. 113ರಲ್ಲಿ ರೋಮ್‌ನಲ್ಲಿ ಪೂರ್ಣಗೊಂಡ, ಸೈನಿಕರ ಕೆತ್ತನೆಗಳಿರುವ ಟ್ರಾಜನ್ ಸ್ತಂಭದ ಕಾಲದ ಸೈನಿಕರಿಗೆ ಬಣ್ಣ ಎರವಲು ಪಡೆಯಿರಿ, ಚಿತ್ರವನ್ನಲ್ಲ. ಅವರಿಗೆ ರೆಕ್ಕೆ, ಸಿಡಿಲಿನ ವಿನ್ಯಾಸವೇ ಹೊಂದುತ್ತದೆ.

ವಿನ್ಯಾಸದ ಸ್ಟಿಕ್ಕರ್ (ಡೆಕಾಲ್) ಅಂಟಿಸುವ ಮುನ್ನ ಗುರಾಣಿಗೆ ಹೊಳಪಿನ ವಾರ್ನಿಷ್ ಕೊಡಲೇಬೇಕು. ಮ್ಯಾಟ್ (ಹೊಳಪಿಲ್ಲದ) ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಗುರಾಣಿಯ ನಡುವಿನ ಗುಬ್ಬಿಗೆ (ಉಬ್ಬಿದ ಲೋಹದ ಗುಂಡಿಗೆ) ಹೊಂದುವಷ್ಟು ರಂಧ್ರವನ್ನು ಸ್ಟಿಕ್ಕರ್‌ನಲ್ಲಿ ಕತ್ತರಿಸಿ, ಅರ್ಧ ನಿಮಿಷ ನೀರಲ್ಲಿಟ್ಟು ಜಾರಿಸಿ ಕೂರಿಸಿ, ಮೇಲೆ ಹಾಳೆಯನ್ನು ಮೆದುಗೊಳಿಸುವ ಡೆಕಾಲ್ ಸಾಫ್ಟ್ನರ್ ಹಚ್ಚಿ. ಆಗ ಹಾಳೆ ಸುಕ್ಕುಗಟ್ಟುತ್ತದೆ. ಗಾಬರಿಯಿಂದ ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ತಾನೇ ಬಾಗಿ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಗುಬ್ಬಿ, ಅಂಚಿಗೆ ಹಿತ್ತಾಳೆ.

ಕೊನೆಗೆ ಗೊಂಬೆಗೆ ಹಚ್ಚುವ ಮ್ಯಾಟ್ ವಾರ್ನಿಷ್ ಲೋಹದ ಹೊಳಪನ್ನು ಕೊಲ್ಲುತ್ತದೆ. ಅದಕ್ಕೇ ಬೆಳ್ಳಿ ಅಂಚುಗಳನ್ನು ವಾರ್ನಿಷ್ ಆದ ಮೇಲೆ ಇನ್ನೊಮ್ಮೆ ಸವರಿ. ಕತ್ತಿಯ ಒರೆ ಬೇರೆ ತುಂಡಾಗಿ ಬಂದಿದ್ದರೆ ಅಂಟಿಸುವ ಮುನ್ನ ಬದಿ ನೋಡಿಕೊಳ್ಳಿ: ಸಾಮಾನ್ಯ ಸೈನಿಕನಿಗೆ ಬಲಗಡೆ, ಅಡ್ಡ ತುರಾಯಿಯ ಸೆಂಚುರಿಯನ್‌ಗೆ (ತುಕಡಿಯ ನಾಯಕನಿಗೆ) ಎಡಗಡೆ.