ಬೆಂಕಿ ಆರಿಸಿ ಬಂದವರ ಬಟ್ಟೆಯನ್ನು ಮನೆಯಲ್ಲಿ ಒಗೆಯಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಅಗ್ನಿಶಾಮಕ ದಳದಲ್ಲಿದ್ದಾರೆ. ಹನ್ನೆರಡು ವರ್ಷ ಆಯ್ತು. ಬೇಸಿಗೆ ಬಂದ್ರೆ ಹುಲ್ಲಿನ ಮೆದೆ, ಕಬ್ಬಿನ ಗದ್ದೆ, ಅಂಗಡಿ ಅಂತ ದಿನಾ ಒಂದಲ್ಲ ಒಂದು ಕರೆ ಇರುತ್ತೆ. ಮನೆಗೆ ಬಂದಾಗ ಮೈಯೆಲ್ಲ ಹೊಗೆ ವಾಸನೆ. ಎರಡು ಸಲ ಸ್ನಾನ ಮಾಡಿದ್ರೂ ಹೋಗಲ್ಲ. ಯೂನಿಫಾರಂ ಒಗೆಯೋದು ನಾನೇ. ಮಗಳ ಬಟ್ಟೆ ಜೊತೆನೇ ಮೆಷಿನ್‌ಗೆ ಹಾಕ್ತೀನಿ. ಅಪ್ಪ ಬಂದ ಕೂಡಲೇ ಅವಳು ಓಡಿ ಹೋಗಿ ತಬ್ಕೋತಾಳೆ. ಈ ವಾಸನೆಯಿಂದ ಅವರಿಗೆ, ಮಗುಗೆ ಏನಾದ್ರೂ ತೊಂದರೆ ಇದೆಯಾ? ಕೇಳಿದ್ರೆ "ನಮ್ಗೆಲ್ಲ ಅಭ್ಯಾಸ, ಬಿಡು" ಅಂತಾರೆ.
(ಮಂಡ್ಯದ ಓದುಗರು. ಹೆಸರು ಬೇಡ ಅಂದಿದ್ದಾರೆ.)

ತಂಗಿ, ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಇದೆ. ಆ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಹಾಕಬೇಡಿ. ಸಾಧ್ಯವಾದರೆ ಅದು ಠಾಣೆಯಲ್ಲೇ ಒಗೆದು ಒಣಗಬೇಕು, ಮನೆಗೆ ಬರಲೇಬಾರದು. ಹಾಗಂತ ಇಷ್ಟು ದಿನ ಆದದ್ದಕ್ಕೆ ಹೆದರಿ ಕೂರುವುದು ಬೇಡ. ಇವತ್ತಿಂದ ಬದಲಾಯಿಸಿಕೊಂಡರೂ ಪ್ರಯೋಜನ ಇದೆ. ಮೈಸೂರು, ಮದ್ದೂರು, ಪಾಂಡವಪುರದ ಕಡೆಯಿಂದಲೂ ಇದೇ ಪ್ರಶ್ನೆ ನನಗೆ ಬರುತ್ತಿರುತ್ತದೆ. ಕೇಳುವವರು ಹೆಚ್ಚಾಗಿ ಹೆಂಡತಿಯರು, ತಾಯಂದಿರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆ ವಾಸನೆ ಏನು ಅಂತ ಮೊದಲು ನೋಡೋಣ. ಹಿಂದೆ ಒಂದು ಮನೆ ಸುಟ್ಟರೆ ಸುಡುತ್ತಿದ್ದದ್ದು ಮರ, ಹುಲ್ಲು, ಹತ್ತಿ ಬಟ್ಟೆ. ಈಗ ಸುಡುವುದು ಫೋಮ್ ಹಾಸಿಗೆ, ಸೋಫಾ, ಪ್ಲಾಸ್ಟಿಕ್ ಕುರ್ಚಿ, ಟಿವಿ, ವೈರು. ಫೋಮ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಹೊರಡುತ್ತದೆ. ವೈರಿನ ಮೇಲಿನ ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಅಂದರೆ ನೀರು ತಾಗಿದರೆ ಆಸಿಡ್ ಆಗುವ ಗಾಳಿ. ಇವುಗಳ ಜೊತೆ ಬೆಂಜೀನ್, ಫಾರ್ಮಾಲ್ಡಿಹೈಡ್ ಇರುತ್ತವೆ. ಅರೆಬರೆ ಸುಟ್ಟಾಗ ಹುಟ್ಟುವ ಪಿಎಎಚ್ ಎಂಬ ಎಣ್ಣೆಯಂಥ ವಿಷಗಳೂ ಇರುತ್ತವೆ. ಅವು ಮಸಿಗೆ ಅಂಟಿಕೊಳ್ಳುತ್ತವೆ, ಮಸಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ನಿಮ್ಮ ಮೂಗಿಗೆ ಬರುವುದು ಅದೇ. ವಾಸನೆ ಇದೆ ಎಂದರೆ ಏನೋ ಇನ್ನೂ ಅಲ್ಲೇ ಕೂತಿದೆ ಎಂದೇ ಅರ್ಥ.

ಹುಲ್ಲು, ಕಬ್ಬಿನ ತರಗು ಸುಟ್ಟರೆ ಪ್ಲಾಸ್ಟಿಕ್ ಇರಲ್ಲ, ನಿಜ. ಆದರೆ ಅಲ್ಲೂ ಪಿಎಎಚ್ ಇದೆ, ಶ್ವಾಸಕೋಶದ ತಳದವರೆಗೂ ಇಳಿಯುವ ಸಣ್ಣ ಕಣ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ. "ಗದ್ದೆ ಹೊಗೆ ಅಲ್ವಾ, ಏನಾಗಲ್ಲ" ಅಂತ ಮಾಸ್ಕ್ ಇಲ್ಲದೆ ಎರಡು ಮೂರು ಗಂಟೆ ನಿಲ್ಲುತ್ತಾರಲ್ಲ, ಅದು ನನಗೆ ಬಹಳ ಸಂಕಟ ತರುವ ವಿಷಯ. ನಾಗರಹೊಳೆ, ಬಂಡೀಪುರದ ಕಡೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ದಿನಗೂಲಿ ಕಾವಲುಗಾರರ ಸ್ಥಿತಿ ಇನ್ನೂ ಕಷ್ಟ. ಮುಖಕ್ಕೆ ಒಂದು ಒದ್ದೆ ಟವೆಲ್ ಕಟ್ಟಿಕೊಂಡಿರುತ್ತಾರೆ. ಒದ್ದೆ ಬಟ್ಟೆ ದಪ್ಪ ಮಸಿಯನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಎನ್95 ಮಾಸ್ಕ್ ಸಣ್ಣ ಕಣವನ್ನು ತಡೆಯುತ್ತದೆ, ಗಾಳಿಯಲ್ಲಿ ಬೆರೆತ ವಿಷವನ್ನು ತಡೆಯುವುದಿಲ್ಲ. ಅದನ್ನು ತಡೆಯುವುದು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರಿಂದಲೇ ಮಾಸ್ಕ್ ಮೂಲಕ ಉಸಿರಾಡುವ ಬಿಎ ಸೆಟ್ ಮಾತ್ರ.

ಮಸಿಗೂ ಕ್ಯಾನ್ಸರ್‌ಗೂ ನಂಟು ಇದೆ ಎನ್ನುವುದು ಹಳೆಯ ತಿಳಿವಳಿಕೆ. 1775ರಲ್ಲೇ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ವೈದ್ಯರು ಇದನ್ನು ಬರೆದಿದ್ದರು. ಚಿಮಣಿ ಒಳಗೆ ಇಳಿದು ಗುಡಿಸುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿತ್ತು. ಮಸಿ ಹೋಗಿ ಕೂರುತ್ತಿದ್ದದ್ದು ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಬೆಂಕಿ ನಂದಿಸುವ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದು ಎಂದು ಮೊದಲ ಗುಂಪಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್‌ಗೆ, ಶ್ವಾಸಕೋಶದ ಹೊರಪದರಕ್ಕೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್‌ಗೆ ಸಾಕಷ್ಟು ಪುರಾವೆ ಇದೆ ಎಂದಿತು. ಮೊದಲ ಗುಂಪು ಅಂದರೆ ಪುರಾವೆ ಗಟ್ಟಿ ಇದೆ ಎಂದು ಅರ್ಥ. ಆ ಕೆಲಸ ಮಾಡುವವರಿಗೆಲ್ಲ ಬಂದೇ ಬರುತ್ತದೆ ಎಂದು ಅರ್ಥವಲ್ಲ. ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೂತ್ರಕೋಶಕ್ಕೇ ಯಾಕೆ? ಉಸಿರಿನಿಂದ, ಚರ್ಮದಿಂದ ಒಳಗೆ ಹೋದ ವಿಷವನ್ನು ದೇಹ ಮೂತ್ರದಲ್ಲಿ ಹೊರಹಾಕುತ್ತದೆ. ಹೊರಗೆ ಹೋಗುವ ತನಕ ಅದು ಗಂಟೆಗಟ್ಟಲೆ ಮೂತ್ರಕೋಶದಲ್ಲೇ ನಿಂತಿರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ. ಮೀಸೋಥೀಲಿಯೋಮಾಗೆ ಕಾರಣ ಆಸ್ಬೆಸ್ಟಾಸ್. ನಮ್ಮ ಕಡೆ ಶೀಟು ಮನೆ, ಶೀಟಿನ ಕೊಟ್ಟಿಗೆ ಎಷ್ಟಿವೆ ನೋಡಿ. ಬೆಂಕಿ ತಾಗಿದರೆ ಸಿಮೆಂಟ್ ಶೀಟು ಪಟಪಟ ಅಂತ ಸಿಡಿಯುತ್ತದೆ. ಅದರೊಳಗಿನ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಇವತ್ತು ಉಸಿರಿಗೆ ಹೋದ ಎಳೆಯ ಪರಿಣಾಮ ಕಾಣುವುದಕ್ಕೆ 20, 30, ಕೆಲವೊಮ್ಮೆ 40 ವರ್ಷ ಬೇಕಾಗುತ್ತದೆ.

ಉಸಿರಿನ ವಿಷಯ ಎಲ್ಲರಿಗೂ ಹೊಳೆಯುತ್ತದೆ. ಚರ್ಮದ ವಿಷಯ ಯಾರಿಗೂ ಹೊಳೆಯಲ್ಲ. ಕುತ್ತಿಗೆ, ದವಡೆಯ ಕೆಳಗೆ, ಮಣಿಕಟ್ಟು, ತೊಡೆಸಂದು, ಇಲ್ಲೆಲ್ಲ ಮಸಿ ಸೇರಿಕೊಳ್ಳುತ್ತದೆ. ಚರ್ಮ ಬಿಸಿಯಾಗಿ ಬೆವರಿದ್ದರೆ ಬೇಗ ಹೀರಿಕೊಳ್ಳುತ್ತದೆ. ಮಸಿ ಹಿಡಿದ ಕಾಲರನ್ನೇ ರಾತ್ರಿಯಿಡೀ ಹಾಕಿಕೊಂಡಿದ್ದರೆ ಏನಾಗುತ್ತದೆ, ನೀವೇ ಯೋಚಿಸಿ.

ಇನ್ನೊಂದು ತಪ್ಪು ಬೆಂಕಿ ಆರಿದ ಮೇಲೆ ಆಗುತ್ತದೆ. ಜ್ವಾಲೆ ಹೋಯಿತು, ಇನ್ನೇನು ಅಂತ ಮುಖದಿಂದ ಮಾಸ್ಕ್ ತೆಗೆದು ಕೆದಕಲು ಶುರು ಮಾಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಒಂದು ಸಿಲಿಂಡರ್ ಹೆಸರಿಗೆ 45 ನಿಮಿಷದ್ದಾದರೂ ಏದುಸಿರು ಬಿಟ್ಟು ಕೆಲಸ ಮಾಡುವಾಗ ಅಷ್ಟು ಹೊತ್ತು ಬರುವುದಿಲ್ಲ. ಆದರೆ ಹೊಗೆಯಾಡುವ ಬೂದಿಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಕರೆಯಿಂದ ಬಂದವರಿಗೆ ತಲೆ ಸಿಡಿತ, ವಾಂತಿ, ಮಂಕು ಇದ್ದರೆ "ಸುಸ್ತು, ಮಲಗಿದ್ರೆ ಸರಿಹೋಗುತ್ತೆ" ಅಂತ ಬಿಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಗೆ ಕುಡಿದಿದ್ದಾರೆ ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಬಾರದು. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂದುಕೊಂಡು 98, 99 ತೋರಿಸಬಹುದು. ನಮ್ಮೂರಲ್ಲಿ ಹೊಗೆ ಕುಡಿದವರಿಗೆ ಬೆಲ್ಲ ಕೊಡುತ್ತಾರೆ. ಬೆಲ್ಲದಿಂದ ಗಂಟಲಿಗೆ ಹಿತ ಆಗಬಹುದು, ರಕ್ತಕ್ಕೆ ಸೇರಿದ್ದು ಇಳಿಯುವುದಿಲ್ಲ.

ಈಗ ತೊಳೆಯುವ ವಿಷಯ. ನೀವು ಕೇಳಿದ್ದು ಇದನ್ನೇ ಅಲ್ವಾ.

ಸರಿಯಾದ ಜಾಗ ಬೆಂಕಿ ಬಿದ್ದ ಸ್ಥಳವೇ. ಫೈರ್ ಗಾಡಿಯಲ್ಲಿ ನೀರು ಇದ್ದೇ ಇರುತ್ತದೆ. ಬಿಎ ಸೆಟ್‌ನ ಮಾಸ್ಕ್ ತೆಗೆಯುವ ಮೊದಲೇ ಸಣ್ಣ ಧಾರೆಯಲ್ಲಿ ಫೈರ್ ಸೂಟ್‌ಗೆ ನೀರು ಬಿಟ್ಟು, ಸೋಪಿನ ನೀರಲ್ಲಿ ಬ್ರಷ್ ಹಾಕಿ ಉಜ್ಜಿ ತೊಳೆದರೆ ಸಾಕು. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಹೀಗೆ ಮಾಡಿದಾಗ ಸೂಟಿನ ಹೊರಮೈ ಮೇಲಿನ ಪಿಎಎಚ್ ಸುಮಾರು ಶೇಕಡಾ 85ರಷ್ಟು ಕಡಿಮೆಯಾಯಿತು. ಒಂದು ಬಕೆಟ್, ಒಂದು ಬ್ರಷ್, ಒಂದು ಸೋಪು. ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಬೇರೆ ಉಪಾಯ ನನಗೆ ಗೊತ್ತಿಲ್ಲ. ಅಲ್ಲೇ ಒದ್ದೆ ಬಟ್ಟೆಯಿಂದ ಮುಖ, ಕುತ್ತಿಗೆ, ಕೈ ಒರೆಸಿಕೊಳ್ಳಬೇಕು. ಕೈ ತೊಳೆಯದೆ ಟೀ ಬಿಸ್ಕೆಟ್ ಮುಟ್ಟಬಾರದು. ಬಿಚ್ಚಿದ ಸೂಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಬೇಕು, ಗಾಡಿಯೊಳಗೆ ಎಲ್ಲರೂ ಕೂರುವ ಜಾಗದಲ್ಲಿ ಎಸೆಯಬಾರದು. ಠಾಣೆಗೆ ಬಂದ ಕೂಡಲೇ ಸ್ನಾನ. ಉಗುರುಬೆಚ್ಚನೆ ನೀರು, ಜಾಸ್ತಿ ಸೋಪು, ಕುತ್ತಿಗೆ ಮತ್ತು ಕಿವಿ ಹಿಂದೆ ಎರಡು ಸಲ. ಆಮೇಲೆ ಬೇರೆ ಬಟ್ಟೆ ಹಾಕಿಕೊಂಡು ಮನೆಗೆ.

ಎಲ್ಲ ಠಾಣೆಯಲ್ಲೂ ಇದಕ್ಕೆ ಅನುಕೂಲ ಇರಬೇಕು. ಇಲ್ಲದ ಕಡೆ ಕೇಳಿ ಪಡೆಯಬೇಕು. ಒಬ್ಬರಿಗೆ ಎರಡು ಜೊತೆ ಸೂಟು, ಒಗೆಯಲು ಪ್ರತ್ಯೇಕ ಮೆಷಿನ್, ಬಿಸಿನೀರು, ಇವು ಐಷಾರಾಮದ ಬೇಡಿಕೆಗಳಲ್ಲ. ಬೆಂಕಿಗೆ ಹೋಗಲು ಗಾಡಿ ಎಷ್ಟು ಮುಖ್ಯವೋ ಇವೂ ಅಷ್ಟೇ ಮುಖ್ಯ.

ಅಲ್ಲಿಯ ತನಕ ಖಾಕಿ ಯೂನಿಫಾರಂ ಮನೆಗೆ ಬರಲೇಬೇಕಾದರೆ ಅದಕ್ಕೇ ಒಂದು ಬಕೆಟ್ ಬೇರೆ ಇಡಿ. ಹಿತ್ತಲಲ್ಲಿ ನೆನೆಸಿ, ಕೈಗೆ ಗ್ಲೌಸ್ ಹಾಕಿಕೊಂಡು ಒಮ್ಮೆ ಜಾಲಿಸಿ, ಆಮೇಲೆ ಅದೊಂದನ್ನೇ ಮೆಷಿನ್‌ಗೆ ಹಾಕಿ. ಕೊನೆಗೆ ಮೆಷಿನನ್ನು ಒಂದು ಸಲ ಖಾಲಿ ಓಡಿಸಿ. ದಪ್ಪ ಫೈರ್ ಸೂಟನ್ನು ಮಾತ್ರ ಮನೆಯಲ್ಲಿ ಒಗೆಯಲೇಬೇಡಿ. ಬ್ಲೀಚ್, ಕಂಫರ್ಟ್ ಥರದ್ದು ಹಾಕಿದರೆ ಬೆಂಕಿ ತಡೆಯುವ ಅದರ ಗುಣವೇ ಕೆಡುತ್ತದೆ. ಬೂಟು ಹೊರಗಿರಲಿ. ಬೈಕಿನ ಸೀಟು, ಹೆಲ್ಮೆಟ್ಟಿನ ಒಳಗಿನ ಪಟ್ಟಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಫೈರ್ ಗಾಡಿ ಓಡಿಸುತ್ತಿದ್ದರು. ಅವರ ಖಾಕಿ ಅಂಗಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ನಾವು ಮಕ್ಕಳು ಅದಕ್ಕೆ ಮುಖ ಒತ್ತಿ ಹೊಗೆ ವಾಸನೆ ಎಳೆದುಕೊಳ್ಳುತ್ತಿದ್ದೆವು. ನಮಗೆ ಅದು ಧೈರ್ಯದ ವಾಸನೆ. ನಿವೃತ್ತಿಯಾಗಿ ಎಂಟು ವರ್ಷಕ್ಕೆ ಅವರಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು. ನೋವಿರಲಿಲ್ಲ, ಹಾಗಾಗಿ ಅರ್ಧ ವರ್ಷ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಬೀಡಿ ಸೇದ್ತೀರಾ ಅಂತ ಕೇಳಿದರು. ಏನು ಕೆಲಸ ಮಾಡ್ತಿದ್ರಿ ಅಂತ ಯಾರೂ ಕೇಳಲಿಲ್ಲ. ಅವರಾಗಿ ಹೇಳಬೇಕು ಅಂತ ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಅವರ ಕಾಯಿಲೆಗೆ ಹೊಗೆಯೇ ಕಾರಣ ಅಂತ ನಾನು ಹೇಳಲಾರೆ. ಹೇಳಲು ಯಾವ ದಾಖಲೆಯೂ ಉಳಿದಿಲ್ಲ. ನನಗೆ ಇವತ್ತಿಗೂ ನೋವು ಕೊಡುವುದು ಇದೇ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಊರು, ಏನು ಸುಟ್ಟಿತು, ಎಷ್ಟು ಹೊತ್ತು ಹೊಗೆಯಲ್ಲಿದ್ದರು, ಬಿಎ ಸೆಟ್ ಹಾಕಿದ್ದರಾ, ಆಮೇಲೆ ಕೆಮ್ಮು ತಲೆನೋವು ಬಂತಾ. ಎರಡು ಸಾಲು ಸಾಕು. ಅವರಿಗೆ ಬೇಜಾರಾದರೆ ನೀವು ಕೇಳಿ ಬರೆದುಕೊಳ್ಳಿ. ಠಾಣೆಯ ರಿಜಿಸ್ಟರಿನಲ್ಲಿ ಕರೆಯ ದಾಖಲೆ ಇರುತ್ತದೆ, ಇವರು ಎಷ್ಟು ಹೊಗೆ ಕುಡಿದರು ಎನ್ನುವುದು ಇರುವುದಿಲ್ಲ. ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದಾಗ ದೂಳಿನಲ್ಲಿ ಕೆಲಸ ಮಾಡಿದವರ ಆರೋಗ್ಯ ನೋಡಿಕೊಳ್ಳಲು ಅಮೆರಿಕದಲ್ಲಿ ಕಾನೂನು ಬಂದದ್ದು 2011ರಲ್ಲಿ, ದುರಂತ ನಡೆದು ಹತ್ತನೇ ವರ್ಷಕ್ಕೆ. ಆ ಕಾರ್ಯಕ್ರಮಕ್ಕೆ ಕ್ಯಾನ್ಸರ್‌ಗಳು ಸೇರಿದ್ದು 2012ರಲ್ಲಿ. ಯಾರು ಎಲ್ಲಿ ಎಷ್ಟು ದಿನ ಇದ್ದರು ಎನ್ನುವ ಮಾಹಿತಿ ಅವರ ಕೈ ಹಿಡಿಯಿತು. ಸೈನ್ಯದಲ್ಲಿದ್ದು ಬಂದವರಿಗೂ ಇದೇ ಮಾತು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ಗೆ ಹೋದಾಗ ಬಿಪಿ ಶುಗರ್ ಜೊತೆಗೆ ತಾವು ಮಾಡಿದ ಕೆಲಸವನ್ನೂ ಹೇಳಬೇಕು. ಡೀಸೆಲ್ ಹೊಗೆ, ಕಸ ಸುಡುವ ಗುಂಡಿ, ಹಳೆಯ ಶೀಟಿನ ಶೆಡ್ಡು, ಎಲ್ಲವನ್ನೂ.

ಹೃದಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕರ್ತವ್ಯದಲ್ಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುವುದು ಹೃದಯದ ತೊಂದರೆಯಿಂದ, ಸುಟ್ಟಗಾಯದಿಂದಲ್ಲ. ನಿದ್ದೆಯಿಂದ ಗಂಟೆ ಹೊಡೆದು ಎಬ್ಬಿಸುತ್ತದೆ, ಮೈ ಮೇಲೆ ಭಾರ, ಬಿಸಿ, ಬೆವರು, ಜೊತೆಗೆ ಕಾರ್ಬನ್ ಮಾನಾಕ್ಸೈಡ್. ನಲವತ್ತು ದಾಟಿದ್ದರೆ ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ನೋಡಿಸಿ. ಬೇಕೆಂದರೆ ಮೈಸೂರಿನಲ್ಲೇ ಜಯದೇವ ಆಸ್ಪತ್ರೆ ಇದೆ, ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಆ ವಾರದಲ್ಲೇ ವೈದ್ಯರನ್ನು ಕಾಣಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. 2018ರ ನವೆಂಬರ್ 24 ನಿಮಗೆ ನೆನಪಿರುತ್ತದೆ. ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಿತ್ತು. 30 ಜನ ಹೋದರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅಂಥ ನೀರಿಗೆ ಇಳಿದು ಮಕ್ಕಳನ್ನು ಎತ್ತಿದ ಕೈಗಳು ಮನೆಗೆ ಬಂದು ತಮ್ಮ ಮಕ್ಕಳಿಗೆ ಊಟ ಮಾಡಿಸಬೇಕಲ್ಲ. ನಿಮ್ಮ ಯಜಮಾನರು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಸುಮ್ನೆ ರೇಗುತ್ತಿದ್ದರೆ, ಕುಡಿತ ಜಾಸ್ತಿಯಾಗಿದ್ದರೆ, ನಾಲೆ ರಸ್ತೆ ಬಿಟ್ಟು ಸುತ್ತು ಹಾಕಿ ಬರುತ್ತಿದ್ದರೆ, ಅದನ್ನು ಸ್ವಭಾವ ಅಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅವರು ಮಾಡದಿದ್ದರೆ ಮೊದಲು ನೀವೇ ಮಾಡಿ ಕೇಳಿ.

ಇನ್ನು ಮಗಳು. ಸಾವಿನ ಮನೆಗೆ ಹೋಗಿ ಬಂದರೆ ನಾವು ಹಿತ್ತಲ ಕಡೆಯಿಂದ ಬಂದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡುತ್ತೇವಲ್ಲ, ಬೆಂಕಿ ಕರೆಗೆ ಹೋಗಿ ಬಂದ ದಿನವೂ ಅದೇ ಪದ್ಧತಿ ಮಾಡಿಕೊಳ್ಳಿ. ಬಚ್ಚಲಲ್ಲಿ ನೀರು, ಟವೆಲ್, ಒಗೆದ ಪಂಚೆ ಬನಿಯನ್ ಮೊದಲೇ ಇಟ್ಟಿರಿ. ಬಾಗಿಲ ಹೊರಗೆ ನಿಂತು ಎಣಿಸುವ ಕೆಲಸ ಮಗಳಿಗೆ ಕೊಡಿ, ಅಪ್ಪ ಎಷ್ಟು ಚೊಂಬು ಹಾಕಿಕೊಂಡರು ಅಂತ. ಐವತ್ತು ಆದ ಮೇಲೆ ತಬ್ಬಿಕೊಳ್ಳಲಿ.