ಒಂದೂವರೆ ನಿಮಿಷದ ಹಗಲು

ನಮ್ಮ ಕಡೆ ಟಾರ್ಚಿಗೆ ಈಗಲೂ ಬ್ಯಾಟ್ರಿ ಅಂತಲೇ ಹೆಸರು. ಮೂರು ಸೆಲ್ಲಿನ ಬ್ಯಾಟ್ರಿ, ಐದು ಸೆಲ್ಲಿನ ಬ್ಯಾಟ್ರಿ. ಸೆಲ್ಲು ಜಾಸ್ತಿಯಾದಷ್ಟೂ ಹಿಡಿದವರ ಗತ್ತು ಜಾಸ್ತಿ. ಈಗ ಸೆಲ್ಲಿನ ಜಾಗಕ್ಕೆ ಬೆಳಕಿನ ಅಳತೆಯಾದ ಲುಮೆನ್ ಬಂದಿದೆ, ಅಷ್ಟೇ.

ಕಳೆದ ಮೇ ತಿಂಗಳಲ್ಲಿ ಗೆಳೆಯನೊಬ್ಬ ರೀಚಾರ್ಜ್ ಮಾಡುವ ಹೊಸ ಟಾರ್ಚು ತರಿಸಿದ. ಅಂಗೈಗಿಂತ ತುಸು ಉದ್ದ, ಒಳಗೆ ಒಂದೇ ಸೆಲ್ಲು, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 5000 ಲುಮೆನ್. ಟಾರ್ಚಿನ ಹುಚ್ಚಿರುವ ನಾವು ನಾಲ್ವರು ಅದನ್ನು ಹಿಡಿದು ಸಿಂಧನೂರಿನ ಹೊರಗೆ, ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಹೊಲಕ್ಕೆ ಹೋದೆವು. ಬೇಸಿಗೆ ಭತ್ತದ ಕೊಯ್ಲು ಮುಗಿದಿತ್ತು, ಕಾಲುವೆಗೆ ನೀರು ಬಿಡುವುದು ನಿಂತಿತ್ತು. ರಾತ್ರಿ ಎಂಟೂವರೆಯಾದರೂ ಫೋನು 35 ಡಿಗ್ರಿ ತೋರಿಸುತ್ತಿತ್ತು.

ಗುಂಡಿ ಒತ್ತಿದ್ದೇ ತಡ, ಕಾಲುವೆಯಾಚೆಯ ಬಳ್ಳಾರಿ ಜಾಲಿ ಪೊದೆ ಎಲೆ ಎಲೆಯಾಗಿ ಎದ್ದು ಬಂತು. "ಏ, ಹಗಲಾತಲ್ಲೋ!" ಎಂದ ಒಬ್ಬ. ಒಂದೂವರೆ ನಿಮಿಷ ಆಗಿರಬಹುದು, ಆ ಹಗಲು ಸಂಜೆಯಾಯಿತು. ಟಾರ್ಚಿನ ಒಡೆಯ ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ "ಸುಡಾಕತ್ತೈತಿ" ಎಂದ.

ಟಾರ್ಚು ಕೆಟ್ಟಿರಲಿಲ್ಲ. ಲೆಕ್ಕ ಹಾಕಿ ನೋಡಿ. ಎಲ್‌ಇಡಿ ಪೂರ್ತಿ ಜೋರಾಗಿ ಉರಿಯುವಾಗ ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ ಅಂದುಕೊಳ್ಳೋಣ. 5000 ಲುಮೆನ್‌ಗೆ 50 ವ್ಯಾಟ್ ಬೇಕು. ಅದರಲ್ಲಿ ಬೆಳಕಾಗುವುದು ಮೂರರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಕಾವು. ಮುಷ್ಟಿಯೊಳಗೆ ಹಿಡಿಯುವ ಅಲ್ಯೂಮಿನಿಯಂ ಕೊಳವೆ ಅಷ್ಟು ಕಾವನ್ನು ಗಾಳಿಗೆ ಬಿಡುವುದು ಆಗದ ಮಾತು. ಅದಕ್ಕೇ ಒಳಗಿನ ಸರ್ಕ್ಯೂಟು ಕರೆಂಟನ್ನು ತಗ್ಗಿಸುತ್ತದೆ. ಸಂತೆಯಲ್ಲಿ 'ಒಂದು ಲಕ್ಷ ಲುಮೆನ್' ಅಂತ ಮಾರುವ ಟಾರ್ಚಿಗೂ ಇದೇ ಲೆಕ್ಕ ಹಾಕಿ. 1000 ವ್ಯಾಟ್ ಬೇಕಾಗುತ್ತದೆ. ಅಂದರೆ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹೊಲಕ್ಕೆ ಹೋದಂತೆ!

ಪೆಟ್ಟಿಗೆಯ ಮೇಲೆ '5000 ಲುಮೆನ್' ಪಕ್ಕದಲ್ಲೇ '2 ಗಂಟೆ' ಅಂತಲೂ ಇತ್ತು. ಸುಳ್ಳೇನಲ್ಲ. 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡದ ಪ್ರಕಾರ, ಟಾರ್ಚು ಹಚ್ಚಿ 30 ಸೆಕೆಂಡಿನಿಂದ 2 ನಿಮಿಷದೊಳಗೆ ಲುಮೆನ್ ಅಳೆಯಬೇಕು. ಬೆಳಕು ಶುರುವಿನ ಹತ್ತನೇ ಒಂದು ಪಾಲಿಗೆ ಇಳಿಯುವ ತನಕದ ಹೊತ್ತನ್ನು ಗಂಟೆಯಲ್ಲಿ ಬರೆಯಬೇಕು. ಅಂದರೆ 5000 ಅನ್ನುವುದು ಮೊದಲ ಕ್ಷಣಗಳ ಮಾತು, 2 ಗಂಟೆ ಅನ್ನುವುದು 500ಕ್ಕೆ ಇಳಿಯುವವರೆಗಿನ ಮಾತು. ಎರಡನ್ನೂ ಕೂಡಿಸಿ ಓದುವವರು ನಾವು.

ಇನ್ನೊಂದು ವಿಷಯವನ್ನು ಪೆಟ್ಟಿಗೆ ಹೇಳುವುದೇ ಇಲ್ಲ. ಟಾರ್ಚಿನಿಂದ ಕಾವು ಎಷ್ಟು ಬೇಗ ಹೊರಗೆ ಹೋಗುತ್ತದೆ ಅನ್ನುವುದು ಅದರ ಮೈಗೂ ಸುತ್ತಲ ಗಾಳಿಗೂ ಇರುವ ಬಿಸಿಯ ಅಂತರದ ಮೇಲಿದೆ. ಟಾರ್ಚು 55 ಡಿಗ್ರಿ ತನಕ ತಡೆದುಕೊಳ್ಳುತ್ತದೆ ಎನ್ನಿ. 25 ಡಿಗ್ರಿಯ ಪ್ರಯೋಗಾಲಯದಲ್ಲಿ ಅಂತರ 30. ನಮ್ಮ ಹೊಲದಲ್ಲಿ ಆ ರಾತ್ರಿ ಬರೀ 20. ಅಂದರೆ ಹೊರಗೆ ಹೋಗುವ ಕಾವು ಮೂರರಲ್ಲಿ ಎರಡು ಪಾಲು ಮಾತ್ರ. ಅದೇ ದುಡ್ಡಿಗೆ ಅದೇ ಟಾರ್ಚು ಮಡಿಕೇರಿಯವರಿಗೆ ಕೊಡುವಷ್ಟು ಬೆಳಕನ್ನು ರಾಯಚೂರು ಜಿಲ್ಲೆಯವರಿಗೆ ಕೊಡಲಾರದು. ಅನ್ಯಾಯ, ಅಲ್ವಾ?

ಟವೆಲ್ಲನ್ನು ಕೊಡದಲ್ಲಿದ್ದ ನೀರಿನಲ್ಲಿ ಅದ್ದಿ, ಹಿಂಡಿ, ಟಾರ್ಚಿನ ಕುತ್ತಿಗೆಗೆ ಸುತ್ತಿ ಮತ್ತೆ ಹಚ್ಚಿದೆವು. ಈ ಸಲ ನಾಲ್ಕು ನಿಮಿಷದ ಹತ್ತಿರ ಹಗಲೇ ಇತ್ತು. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ತೇವ ಆರುವಾಗ ಕಾವನ್ನು ಎಳೆದುಕೊಂಡು ಹೋಗುತ್ತದೆ. ಇದು ಬರೀ ಆಟ ಅನ್ನಬೇಡಿ, ಇದರಿಂದ ಒಂದು ಗುಟ್ಟೂ ಹೊರಬೀಳುತ್ತದೆ. ಒದ್ದೆ ಬಟ್ಟೆ ಸುತ್ತಿದರೂ ಬೆಳಕು ಮೊದಲಿನ ಹೊತ್ತಿಗೇ ಇಳಿದರೆ ಆ ಟಾರ್ಚಿನೊಳಗೆ ಇರುವುದು ಗಡಿಯಾರ. ತಡವಾಗಿ ಇಳಿದರೆ ನಿಜವಾಗಿ ಬಿಸಿ ಅಳೆಯುವ ಸೆನ್ಸರ್ ಇದೆ. ನನಗೆ ಸೆನ್ಸರ್ ಇರುವುದೇ ಇಷ್ಟ. ಚಳಿಗಾಲದಲ್ಲಾದರೂ ಕೊಟ್ಟ ದುಡ್ಡಿನ ಬೆಳಕು ಸಿಗುತ್ತದೆ.

ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಲುಮೆನ್ ಅಂದರೆ ಒಟ್ಟು ಬೆಳಕು. ಅದು ಒಂದೇ ಕಡೆಗೆ ಎಷ್ಟು ಕೂಡಿದೆ ಅನ್ನುವುದು ಕ್ಯಾಂಡೆಲಾ. ಅಗಲ ಕನ್ನಡಿಯ ಟಾರ್ಚು ಕಡಿಮೆ ಲುಮೆನ್‌ನಲ್ಲೂ ದೂರ ಹೊಡೆಯುತ್ತದೆ. ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಫೋನಿನ ಲಕ್ಸ್ ಆ್ಯಪನ್ನು 10 ಮೀಟರ್ ದೂರದಲ್ಲಿ ಹಿಡಿದೆವು. ಸುಮಾರು 200 ತೋರಿಸಿತು. ಅದನ್ನು ದೂರದ ವರ್ಗದಿಂದ, ಅಂದರೆ 100ರಿಂದ ಗುಣಿಸಿದರೆ 20,000 ಕ್ಯಾಂಡೆಲಾ. ಬೆಳಕು ಹೋಗುವ ದೂರ ಅದರ ವರ್ಗಮೂಲದ ಎರಡರಷ್ಟು, ಅಂದರೆ 283 ಮೀಟರ್. ಅಷ್ಟು ದೂರದಲ್ಲಿ ಬೆಳಕು ಹುಣ್ಣಿಮೆ ಬೆಳದಿಂಗಳಷ್ಟು, ಕಾಲು ಲಕ್ಸ್ ಇರುತ್ತದೆ. ಟಾರ್ಚು ಬಿಸಿಯಾಗಿ ಇಳಿದ ಮೇಲೆ ಅದೇ ಫೋನು 40 ತೋರಿಸಿತು. ಬೆಳಕು ಐದನೇ ಒಂದು ಪಾಲಾದರೂ ದೂರ 126 ಮೀಟರ್, ಅರ್ಧಕ್ಕಿಂತ ತುಸು ಕಡಿಮೆ ಅಷ್ಟೇ. ಫೋನಿನ ಅಳತೆ ಪೂರ್ತಿ ನಿಖರವಲ್ಲ, ಹೋಲಿಸಿ ನೋಡಲು ಸಾಕು.

ಹೊಲದ ಯಜಮಾನರಿಗೆ ಈ ದೂರದ ಚಿಂತೆಯೇ ಇರಲಿಲ್ಲ. ರಾತ್ರಿ ಕರೆಂಟು ಬಂದಾಗ ಪಂಪು ಹಚ್ಚಲು ಬದುವಿನ ಮೇಲೆ ಓಡಾಡುವವರು ಅವರು. "ಕಾಲ ಬುಡಕ ಮಂಡಲದ ಹಾವು ಕಂಡರ ಸಾಕು" ಎಂದರು. ಆ ಮಾತಿಗೆ ಲುಮೆನ್ ಅಲ್ಲ, ಬಣ್ಣ ಮುಖ್ಯ. ಬಿಳಿ ಎಲ್‌ಇಡಿ ಹುಟ್ಟಿನಲ್ಲಿ ನೀಲಿ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಚಿಪ್ಪಿನ ಮೇಲೆ ಹಳದಿ ಬಣ್ಣ ಸೂಸುವ ಪುಡಿಯ ಲೇಪ ಹಚ್ಚಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಅಗ್ಗದ ಲೇಪದಲ್ಲಿ ಕೆಂಪಿನ ಅಂಶ ಕಡಿಮೆ. ಆಗ ಕಂದು ಹಾವು, ಒಣಗಿದ ಹುಲ್ಲು, ಮಣ್ಣು ಎಲ್ಲವೂ ಒಂದೇ ಬೂದು. ಸಿಆರ್‌ಐ, ಅಂದರೆ ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಂಕ, 90ರ ಮೇಲಿರುವ, ತುಸು ಹಳದಿ ಛಾಯೆಯ 300 ಲುಮೆನ್ ಟಾರ್ಚು ಬದುವಿಗೆ ಇದಕ್ಕಿಂತ ವಾಸಿ. ಇದನ್ನು ಹೇಳಿದ್ದಕ್ಕೆ ಟಾರ್ಚಿನ ಒಡೆಯ ನನ್ನೊಡನೆ ಎರಡು ದಿನ ಮಾತು ಬಿಟ್ಟ.

ಸೆಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಇಂಥ ಟಾರ್ಚಿಗೆ ಹಾಕುವ ಒಂದು ಲಿಥಿಯಂ ಸೆಲ್ಲಿನ ಹೆಸರು 18650, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆಯ 18650 ಸೆಲ್ಲು 3500 ಎಂಎಎಚ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ) ಆಸುಪಾಸು ಹಿಡಿಯುತ್ತದೆ. ಮೈಮೇಲೆ 9900 ಅಂತ ಬರೆದಿದ್ದರೆ ಬಂಗಾರದಂಗಡಿಯ ತಕ್ಕಡಿಗೆ ಹಾಕಿಸಿ. ಅಸಲಿಯ ತೂಕ 45ರಿಂದ 50 ಗ್ರಾಂ, ತೀರಾ ಹಗುರವಿದ್ದರೆ ನಕಲಿ. ಇನ್ನು ಚಾರ್ಜಿಂಗ್. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ತಗಡಿನ ಪಂಪ್‌ಸೆಟ್ ಕೋಣೆಯೊಳಗೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು.

ಹೊರಡುವಾಗ ಟಾರ್ಚು ಆರಿಸಿದೆವು. ಬದು ಎಲ್ಲಿದೆ ಅಂತ ನಮ್ಮ ನಾಲ್ವರಿಗೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಜಾಲಿಯ ಎಲೆ ಎಣಿಸುತ್ತ ನಾವು ಆ ಹೊಂದಿಕೆಯನ್ನು ಕಳೆದುಕೊಂಡಿದ್ದೆವು. ಯಜಮಾನರು ಅಷ್ಟು ಹೊತ್ತೂ ಬೆಳಕಿಗೆ ಬೆನ್ನು ಮಾಡಿ ಕೂತಿದ್ದರು. ಈಗ ಎದ್ದು, ಬಾಯಲ್ಲಿದ್ದ ಬೀಡಿಯನ್ನು ಒಂದು ಸಲ ಜೋರಾಗಿ ಎಳೆದು ಮುಂದೆ ನಡೆದರು. ನಾವು ಆ ಕೆಂಪು ಕಿಡಿ ನೋಡುತ್ತ ಹಿಂದೆ ಹೋದೆವು.